ವ್ಯಾನ್ ಬಾಗಿಲಿನ ಬೀಗಕ್ಕೆ ಸ್ಟೀಲ್ ಪ್ಲೇಟ್: ಹಾಕಿಕೊಂಡವರ ಅನುಭವ

ಪ್ರಶ್ನೆ (ಬರ್ಮಿಂಗ್‌ಹ್ಯಾಮ್): ನಾನು ಎಲೆಕ್ಟ್ರಿಷಿಯನ್. ಸಲಕರಣೆಗಳೆಲ್ಲ ವ್ಯಾನಿನಲ್ಲೇ ಇರುತ್ತವೆ, ರಾತ್ರಿ ವ್ಯಾನು ರಸ್ತೆ ಬದಿಯಲ್ಲೇ ನಿಲ್ಲುತ್ತದೆ. ಮುಂದಿನ ಬಾಗಿಲುಗಳ ಹಿಡಿಯ ಸುತ್ತ ರಕ್ಷಣೆಯ ಪ್ಲೇಟನ್ನು ನಾನೇ ಕೂರಿಸಬಹುದೇ? ಹಾಕಿಕೊಂಡವರು ದಯವಿಟ್ಟು ತಿಳಿಸಬೇಕು.

ಲೆಸ್ಟರ್‌ನಿಂದ: ನಮಸ್ಕಾರ ಸರ್. ಮೂರು ವರ್ಷಗಳ ಹಿಂದೆ ಕಳ್ಳತನವಾದ ಮೇಲೆ ನಾನೇ ಹಾಕಿಕೊಂಡೆ. ಅಂದು ಬೆಳಿಗ್ಗೆ ಹೋಗಿ ನೋಡಿದಾಗ ಗಾಜು ಒಡೆದಿರಲಿಲ್ಲ. ಹಿಡಿಯ ಕೆಳಗೆ ಹೆಬ್ಬೆರಳು ತೂರುವಷ್ಟು ತೂತಿತ್ತು, ತಗಡಿನ ಅಂಚು ಒಳಕ್ಕೆ ಮಡಚಿಕೊಂಡಿತ್ತು, ಡ್ರಿಲ್ ಯಂತ್ರಗಳ ಪೆಟ್ಟಿಗೆಗಳು ಇರಲಿಲ್ಲ. ಹೊರತಗಡು ಒಂದು ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲವಾದ್ದರಿಂದ ಕಳ್ಳರು ಅದನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ, ಒಳಗಿನ ಬೀಗದ ಸರಳನ್ನು ತಳ್ಳಿ ಬಾಗಿಲು ತೆಗೆಯುತ್ತಾರೆ. ಪ್ಲೇಟ್ ಕಾಯಬೇಕಾದದ್ದು ಆ ಜಾಗವನ್ನೇ. ಆದ್ದರಿಂದ ಕೀ ತೂರಿಸುವಲ್ಲಿ ಮಾತ್ರ ಮುಚ್ಚುವ ಸಣ್ಣ ಬಿಲ್ಲೆ ಸಾಲದು. ಹಿಡಿಯ ಕೆಳಭಾಗವನ್ನೂ ಆವರಿಸುವ, ನಿಮ್ಮ ವ್ಯಾನಿನ ಮಾದರಿಗೆಂದೇ ಮಾಡಿದ, ಬೋಲ್ಟಿನ ತಲೆ ಹೊರಗೆ ಕಾಣದಂತೆ ಒಳಗಿನಿಂದ ಬಿಗಿಯುವ ಪ್ಲೇಟನ್ನೇ ಕೊಳ್ಳಿ.

ಡ್ರಿಲ್ ಹಿಡಿಯುವ ಮೊದಲು ಬಾಗಿಲಿನ ಒಳಹೊದಿಕೆಯನ್ನು ಕಳಚಿ, ಗಾಜನ್ನು ಪೂರ್ತಿ ಮೇಲೇರಿಸಿ, ತಂತಿಗಳೂ ಸರಳುಗಳೂ ಎಲ್ಲಿ ಹಾದುಹೋಗಿವೆ ಎಂಬುದನ್ನು ಟಾರ್ಚ್ ಬಿಟ್ಟು ನೋಡಿಕೊಳ್ಳಿ. ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗುರುತು ಮಾಡಿ, ಮೊದಲು 3 ಮಿ.ಮೀ. ತೂತು ಹಾಕಿ ಆಮೇಲೆ ಅಗಲಿಸಿದರೆ ಬಿಟ್ ಜಾರಿ ಬಣ್ಣ ಗೀಚುವುದಿಲ್ಲ.

ನಾನು ತಪ್ಪು ಮಾಡಿದ್ದು ಇದರ ನಂತರ. ಬಲಬಾಗಿಲಿನ ತೂತುಗಳ ಅಂಚನ್ನು ಅರದಿಂದ ಉಜ್ಜಿ, ಸತುವಿನ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಪ್ಲೇಟ್ ಕೂರಿಸಿದ್ದೆ. ಕತ್ತಲಾಗುತ್ತಿದೆಯೆಂದು ಎಡಬಾಗಿಲಿಗೆ ಪ್ರೈಮರ್ ಇಲ್ಲದೆಯೇ ಬೋಲ್ಟ್ ಬಿಗಿದುಬಿಟ್ಟೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಎಡಗಡೆಯ ಪ್ಲೇಟಿನಡಿಯಿಂದ ಕಂದು ನೀರು ಇಳಿಯತೊಡಗಿತು; ಬಲಗಡೆ ಇಂದಿಗೂ ತುಕ್ಕಿಲ್ಲ. ಸ್ಟೇನ್‌ಲೆಸ್ ಸ್ಟೀಲು ಬರಿಯ ತಗಡಿಗೆ ತಾಗಿ ನಡುವೆ ಉಪ್ಪುನೀರು ನಿಂತರೆ ಸವೆಯುವುದು ತಗಡೇ ಆದ್ದರಿಂದ, ಪ್ಲೇಟಿನ ಜೊತೆ ರಬ್ಬರ್ ಹಾಳೆ ಬಂದಿದ್ದರೆ ಅದನ್ನು ಖಂಡಿತ ಬಿಡಬೇಡಿ.

ರೆಡಿಂಗ್‌ನಿಂದ: ಬಾಗಿಲು ಕೊರೆಯಲು ಮನಸ್ಸಾಗದೆ ನಾನು ಅಂಟಿಸುವ ಪ್ಲೇಟ್ ತಂದೆ. ಜನವರಿಯ ಚಳಿಯಲ್ಲಿ ಬಯಲಲ್ಲೇ ಅಂಟಿಸಿದ್ದರಿಂದ ತಿಂಗಳೊಳಗೆ ಒಂದು ಮೂಲೆ ಎದ್ದಿತು. ಇಂಥ ಪ್ಲೇಟಿನ ಹಿಂದಿರುವ ಅಂಟುಪಟ್ಟಿಗೆ, ಅಂದರೆ ಅಕ್ರಿಲಿಕ್ ಫೋಮ್ ಟೇಪಿಗೆ, ಅಂಟಿಸುವಾಗ ಸಾಮಾನ್ಯವಾಗಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣಾಂಶ ಬೇಕು, ಹಿಡಿತ ಪೂರ್ತಿಯಾಗಲು 72 ಗಂಟೆ ಬೇಕು. ಮೇ ತಿಂಗಳಲ್ಲಿ ಸ್ಪಿರಿಟ್‌ನಿಂದ ಒರೆಸಿ ಮತ್ತೆ ಅಂಟಿಸಿದೆ, ಈಗ ಭದ್ರವಾಗಿದೆ. ಆದರೂ ದುಬಾರಿ ಸಲಕರಣೆ ಒಳಗಿರುವವರು ಅಂಟೊಂದನ್ನೇ ನಂಬಬಾರದೆಂದೇ ನನ್ನ ಅಭಿಪ್ರಾಯ.

ಸ್ಲೌನಿಂದ: ಕೊಳ್ಳುವಾಗ 'ಸೋಲ್ಡ್ ಸೆಕ್ಯೂರ್' ಪರೀಕ್ಷೆಯಲ್ಲಿ ತೇರ್ಗಡೆಯಾದದ್ದೇ ಎಂದು ವಿಚಾರಿಸಿ; 1992ರಲ್ಲಿ ನಾರ್ತಂಬ್ರಿಯಾ ಮತ್ತು ಎಸೆಕ್ಸ್ ಪೊಲೀಸರು ಆರಂಭಿಸಿದ ವ್ಯವಸ್ಥೆಯದು. ಪಕ್ಕದ ಜಾರುಬಾಗಿಲನ್ನು ಮೇಲಂಚಿನಿಂದ ಬಗ್ಗಿಸಿ ತೆರೆಯುವ ಕಳ್ಳರಿಗೆ ಹಿಡಿಯ ಪ್ಲೇಟ್ ಅಡ್ಡಿಯಾಗುವುದಿಲ್ಲ, ಅಲ್ಲಿಗೆ ಬೇರೆಯೇ ಡೆಡ್‌ಲಾಕ್ (ಬಾಗಿಲಿನ ಮೂಲ ಬೀಗದ ಜೊತೆಗೆ ಹಾಕಿಸುವ, ಕೀಲಿಯಿಂದಲೇ ತೆರೆಯುವ ಪ್ರತ್ಯೇಕ ಬೀಗ) ಬೇಕು. ಬಾಗಿಲು ಕೊರೆಯುವ ಮುನ್ನ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಅವರ ಉತ್ತರವನ್ನು ಇಟ್ಟುಕೊಳ್ಳಿ.