ಉಬುಂಟು ಕಲಿಯಲು ಊರಲ್ಲಿ ಯಾರನ್ನು ಕೇಳುವುದು?

ನೀರ್ಚಾಲಿನಿಂದ ಪ್ರಶ್ನೆ: ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತಲ್ಲ, ಹಾಗಾಗಿ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲಿಗೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿದೆ. ಈಗ ವೈಫೈ ಬರುತ್ತಿಲ್ಲ. ಕನ್ನಡ ಟೈಪ್ ಮಾಡುವುದೂ ಗೊತ್ತಾಗುತ್ತಿಲ್ಲ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಯಾರನ್ನು ಕೇಳಲಿ?

ಕುಂಬಳೆಯಿಂದ: ಮನೆಯಲ್ಲಿ ಅಥವಾ ನೆರೆಕರೆಯಲ್ಲಿ ಹೈಸ್ಕೂಲಿನ ಮಕ್ಕಳಿದ್ದಾರಾ? ಮೊದಲು ಅವರನ್ನೇ ಕೇಳಿ. ನಮ್ಮ ಕಾಸರಗೋಡು ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆಯ (ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಕೇರಳ ಸರಕಾರದ ಸಂಸ್ಥೆ) ಗ್ನೂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುತ್ತಾರೆ. ಅದರ 22.04 ಆವೃತ್ತಿ ಉಬುಂಟು 22.04ರ ಮೇಲೆಯೇ ಕಟ್ಟಿದ್ದು. ಅಂದರೆ ನೀವು ಈಗ ಕಲಿಯಲು ಹೊರಟದ್ದರಲ್ಲೇ ಮಕ್ಕಳ ಕೈ ಪಳಗಿದೆ. ಕನ್ನಡ ಮಾಧ್ಯಮದವರಿಗೆ ಐಸಿಟಿ (ಕಂಪ್ಯೂಟರ್ ವಿಷಯದ) ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಇಂಗ್ಲಿಷ್ ಕಷ್ಟ ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಆರಂಭ ನನಗೆ ಕಾಣಲಿಲ್ಲ.

ನನಗೆ ಕಲಿಸಿದ್ದು ಒಂಬತ್ತನೇ ಕ್ಲಾಸಿನ ಮಗಳು. ಶಾಲೆಯ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕಂಪ್ಯೂಟರ್ ತಂಡದಲ್ಲಿದ್ದಾಳೆ. ಮೌಸ್ ಮಾತ್ರ ಅವಳ ಕೈಗೆ ಕೊಡಲಿಲ್ಲ. ಅವಳು ಹೇಳಬೇಕು, ನಾನು ಒತ್ತಬೇಕು. ಅವಳೇ ಸರಿ ಮಾಡಿಕೊಟ್ಟಿದ್ದರೆ ಮರುದಿನ ಮತ್ತೆ ಅವಳನ್ನೇ ಕರೆಯಬೇಕಿತ್ತು, ಅಲ್ವಾ?

ಮಲಯಾಳ ಗೊತ್ತಿದ್ದರೆ ಮಲಯಾಳದಲ್ಲೂ ಕೇಳಿ, ಸಂಕೋಚ ಬೇಡ. ಕಲಿತ ಮೇಲೆ ಅದನ್ನು ಕನ್ನಡದಲ್ಲಿ ಬರೆದಿಡಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಈಗ ಅತ್ತಿಗೆಯೂ ಅದನ್ನೇ ನೋಡಿ ಕಲಿಯುತ್ತಿದ್ದಾರೆ.

ಬದಿಯಡ್ಕದಿಂದ: ಸುಮ್ನೆ ‘ವೈಫೈ ಬರುತ್ತಿಲ್ಲ’ ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ನಾನೂ ಹಾಗೇ ಕೇಳಿ ಎರಡು ದಿನ ಕಾದಿದ್ದೆ. ಆಮೇಲೆ ಲ್ಯಾಪ್‌ಟಾಪಿನ ಮಾಡೆಲ್, ಉಬುಂಟು ಆವೃತ್ತಿ, ಪರದೆಯ ಮೇಲೆ ಬಂದ ಸಂದೇಶದ ಫೋಟೊ ಎಲ್ಲ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು.

ನೀವು ಮೊದಲು ಇದನ್ನು ಮಾಡಿ ನೋಡಿ. ಫೋನನ್ನು ಕೇಬಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೊಳ್ಳುವ ಸೆಟ್ಟಿಂಗ್) ಆನ್ ಮಾಡಿ. ಲ್ಯಾಪ್‌ಟಾಪಿಗೆ ಇಂಟರ್ನೆಟ್ ಬರುತ್ತದೆ. ಆಮೇಲೆ ‘ಅಡಿಷನಲ್ ಡ್ರೈವರ್ಸ್’ ತೆರೆಯಿರಿ. ವೈಫೈ ಚಿಪ್ಪಿಗೆ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಇದ್ದರೆ ಅಲ್ಲೇ ತೋರಿಸುತ್ತದೆ. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ ಇದ್ದ ನನ್ನ ಲ್ಯಾಪ್‌ಟಾಪ್ ಸರಿಯಾದದ್ದು ಹೀಗೆ.

ಒಂದು ಎಚ್ಚರಿಕೆ. ಯಾರೋ ಕೊಟ್ಟ ಕಮಾಂಡ್ ‘ಸುಡೊ’ ಎಂದು ಶುರುವಾದರೆ ಅರ್ಥ ತಿಳಿಯದೆ ಎಂಟರ್ ಒತ್ತಬೇಡಿ. ಅದಕ್ಕೆ ಇಡೀ ಸಿಸ್ಟಮ್ ಬದಲಿಸುವ ಅಧಿಕಾರ ಇರುತ್ತದೆ. ಕೊಟ್ಟವರನ್ನೇ ‘ಇದು ಏನು ಮಾಡುತ್ತದೆ’ ಎಂದು ಕೇಳಿ. ಒಳ್ಳೆಯವರು ಬಿಡಿಸಿ ಹೇಳುತ್ತಾರೆ.

ಪೆರ್ಲದಿಂದ: ಕನ್ನಡ ಟೈಪಿಂಗ್ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್‌ಗೆ ಹೋಗಿ ಕನ್ನಡ ಕಗಪ ಎಂಬ ಕೀಲಿ ವಿನ್ಯಾಸ ಸೇರಿಸಿ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದವರಿಗೆ ಕೈ ಬೇಗ ಹೊಂದುತ್ತದೆ. ಹಳೇ ನುಡಿ ಫೈಲುಗಳಲ್ಲಿ ಅಕ್ಷರ ಚೆಲ್ಲಾಪಿಲ್ಲಿ ಕಂಡರೆ ಗಾಬರಿ ಬೇಡ, ಅವು ಈಗ ಎಲ್ಲ ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್ ಅಕ್ಷರ ಸಂಕೇತದಲ್ಲಿಲ್ಲ ಅಷ್ಟೆ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದರೆ ಓದಬಹುದು. ಶನಿವಾರ ಪೆರ್ಲ ಪೇಟೆಗೆ ಬರುವುದಿದ್ದರೆ ಲ್ಯಾಪ್‌ಟಾಪ್ ತನ್ನಿ, ಒಟ್ಟಿಗೆ ಕೂತು ನೋಡೋಣ.