ಅಪ್‌ಡೇಟ್: ಮಗಳ ತೊಡೆಯ ಊತಕ್ಕೆ ಅಲ್ಟ್ರಾಸೌಂಡ್ ಮಾಡಿಸಿದೆವು

ಮಗಳ ತೊಡೆ ಕೆಂಪಾಗಿ ಊದಿದೆ, ಚರ್ಮದ ಸೋಂಕಿಗೆ ಅಲ್ಟ್ರಾಸೌಂಡ್ ಯಾಕೆ ಅಂತ ಕೇಳಿದ್ದೆ ಅಲ್ವಾ? ಸ್ಕ್ಯಾನ್ ಆಯಿತು. ಒಳಗೆ ಕೀವು ಇತ್ತು.

ಮುಟ್ಟಿದರೆ ಬರೀ ಗಟ್ಟಿ ಊತ. ಬರೀ ಸೆಲ್ಯುಲೈಟಿಸ್ (ಚರ್ಮ ಮತ್ತು ಅದರಡಿಯ ಪದರದ ಸೋಂಕು) ಆದರೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಸಾಕು. ಕೀವು ಗೂಡು ಕಟ್ಟಿದ್ದರೆ ಹೆಚ್ಚಾಗಿ ಕುಯ್ದು ತೆಗೆಯಬೇಕು. ಈ ವ್ಯತ್ಯಾಸ ಕೈಗೆ ಯಾವಾಗಲೂ ಸಿಗುವುದಿಲ್ಲ.

ಸ್ಕ್ರೀನಿನಲ್ಲಿ ಎರಡೂ ಕಂಡವು. ಅಂಚಿನಲ್ಲಿ ಚರ್ಮದಡಿಯ ಕೊಬ್ಬಿನ ನಡುವೆ ನೀರು ತುಂಬಿ ಕಲ್ಲುಹಾಸಿನ ಹಾಗಿತ್ತು. ಸೆಲ್ಯುಲೈಟಿಸ್‌ನಲ್ಲಿ ಹಾಗಾಗುತ್ತದೆ, ಆದರೆ ಸೋಂಕಿಲ್ಲದ ಊತದಲ್ಲೂ ಹಾಗೇ ಕಾಣಬಹುದಂತೆ. ನಡುವೆ ಒಂದು ಕಪ್ಪು ಜಾಗ. ಪ್ರೋಬಿನಿಂದ (ಚರ್ಮದ ಮೇಲಿಟ್ಟು ಸ್ಕ್ಯಾನ್ ಮಾಡುವ ಸಾಧನ) ಮೆಲ್ಲಗೆ ಒತ್ತಿದರೆ ಅದರೊಳಗಿನದು ಸುಳಿದಾಡುತ್ತಿತ್ತು! ಡಾಪ್ಲರ್ (ರಕ್ತದ ಹರಿವು ತೋರಿಸುವ ವಿಧಾನ) ಹಾಕಿದಾಗ ರಕ್ತದ ಓಡಾಟ ಸುತ್ತ ಮಾತ್ರ, ಒಳಗಿಲ್ಲ. ಊದಿದ ಲಿಂಫ್ ಗ್ರಂಥಿಯಾಗಿದ್ದರೆ ಒಳಗೂ ಕಾಣುತ್ತಿತ್ತಂತೆ. ಎಷ್ಟು ಆಳ, ಪಕ್ಕದಲ್ಲಿ ದೊಡ್ಡ ರಕ್ತನಾಳ ಇದೆಯಾ ಅಂತಲೂ ಆಗಲೇ ನೋಡಿಕೊಂಡರು. ಕುಯ್ಯುವ ಮುಂಚೆ ಅದು ಗೊತ್ತಾಗಿದ್ದು ನನಗಂತೂ ದೊಡ್ಡ ಸಮಾಧಾನ.

ವಿಕಿರಣ ಇಲ್ಲ, ನಿದ್ದೆ ಮಾಡಿಸುವುದೂ ಬೇಡ. ಜೆಲ್ ತಣ್ಣಗಿದೆ ಅಂತ ಅವಳಿಗೆ ಸಿಟ್ಟು, ಅಷ್ಟೇ.

ಸ್ಕ್ಯಾನಿನಲ್ಲಿ ಕೀವು ಕಾಣದಿದ್ದರೆ ಸುಮ್ನೆ ಇರಬಹುದಾ ಅಂತಲೂ ಡಾಕ್ಟರನ್ನು ಕೇಳಿದೆ. ಇಲ್ಲ. ಕೀವು ಆಮೇಲೆ ಕಟ್ಟಬಹುದು. ಊತ ಜಾಸ್ತಿ ಆದರೆ, ಜ್ವರ ಇಳಿಯದಿದ್ದರೆ ಮತ್ತೆ ತೋರಿಸಬೇಕು. ಕೆಂಪು ಬೇಗ ಬೇಗ ಹರಡುತ್ತಿದ್ದರೆ, ಕಾಣುವುದಕ್ಕಿಂತ ನೋವು ವಿಪರೀತ ಇದ್ದರೆ, ಮಗು ಮಂಕಾದರೆ ಸ್ಕ್ಯಾನಿಗೆ ಕಾಯದೆ ತುರ್ತು ಚಿಕಿತ್ಸೆಗೆ ಓಡಬೇಕು.

ಕೀವು ತೆಗೆದಾಯಿತು. ಜ್ವರ ಬಿಟ್ಟಿದೆ, ಮಾತ್ರೆ ಇನ್ನೂ ನಡೆಯುತ್ತಿದೆ.