ಲಿಂಕ್ ಹಂಚೋದು ಬಿಟ್ಟು ದಾವಣಗೆರೆಗೆ ಒಂದು ಬ್ಯಾಂಡ್ ಕರೆಸೋಣವಾ?

ಹಳೇಪೇಟೆ ಹೆಡ್‌ಫೋನ್:
ದಾವಣಗೆರೆ, ದುರ್ಗದ ಕಡೆ ರಾಕ್ ಕೇಳೋರೆಲ್ಲ ಈ ಗುಂಪಿನಲ್ಲಿ ಸೇರಿದ್ದೀವಿ. ಹೋದ ವಾರ ಇಲ್ಲಿ ಬಂದಿದ್ದನ್ನೆಲ್ಲ ಮೇಲಿಂದ ಕೆಳಗೆ ಓದಿದೆ. ಯಾವ ಬ್ಯಾಂಡಿನ ಡ್ರಮ್ಮರ್ ಬಿಟ್ಟು ಹೋದ, ಓಯಸಿಸ್ ಬ್ಯಾಂಡಿನ ಅಣ್ಣತಮ್ಮಂದಿರು ಇನ್ನೂ ಮಾತಾಡ್ತಿದ್ದಾರಾ, ಯಾವ ವಿಮರ್ಶಕ ಎಷ್ಟು ಅಂಕ ಕೊಟ್ಟ, ಯಾರು ಯಾರನ್ನ ಅನ್‌ಫಾಲೋ ಮಾಡಿದ್ರು. 'ಗೀಸ್ ಬ್ಯಾಂಡಿನ ಆಲ್ಬಮ್ ಪೂರ್ತಿ ಕೇಳಿದೋರು ಯಾರಪ್ಪ' ಅಂತ ನಾನು ಕೇಳಿದ್ದಕ್ಕೆ ಒಂದೆರಡು ಹೆಬ್ಬೆರಳು ಬಂದ್ವು, ಮುಗೀತು.

ನನ್ನ ಪ್ರಸ್ತಾಪ: ಇಲ್ಲಿ ಸುದ್ದಿ ಲಿಂಕ್ ಬಂದ್. ತಲಾ ಐನೂರು ಹಾಕೋಣ. ಸ್ವಂತ ಹಾಡು ಬರೆಯೋ ಬೆಂಗಳೂರಿನ ಒಂದು ಹೊಸ ಬ್ಯಾಂಡನ್ನ ಇಲ್ಲಿಗೆ ಕರೆಸೋಣ. ಏನಂತೀರಿ?

ಎಂಸಿಸಿ ಬಿ ಬ್ಲಾಕ್ ಹುಡುಗಿ:
ಅಣ್ಣಾ, ಕರೆಸ್ರಿ, ಬೇಡ ಅಂದೋರು ಯಾರು. ಅದಕ್ಕೆ ಲಿಂಕ್ ಯಾಕೆ ಬಂದ್ ಆಗಬೇಕು? ವೆಟ್ ಲೆಗ್ ಬ್ಯಾಂಡಿನೋರು ಇಂಗ್ಲೆಂಡಿನ ಐಲ್ ಆಫ್ ವೈಟ್ ಅನ್ನೋ ದ್ವೀಪದೋರು, ಗೀಸ್ ಅಮೆರಿಕದ ಬ್ರೂಕ್ಲಿನ್‌ನೋರು. ಇವರು ನಮ್ಮೂರಿಗೆ ಬರೋದಿರಲಿ, ಬೆಂಗಳೂರಿಗೆ ಬಂದ್ರೂ ಮನೇಲಿ ನನ್ನ ಕಳಿಸ್ತಾರಾ? ನಮಗೆ ಸುದ್ದಿ, ಸಂದರ್ಶನ, ಯಾರೋ ಫೋನಲ್ಲಿ ಹಿಡಿದ ಅಲುಗಾಡೋ ವಿಡಿಯೋ, ಇಷ್ಟೇ ಶೋ. 2025ರ ಸೆಪ್ಟೆಂಬರಲ್ಲಿ ಗೀಸ್ ಆಲ್ಬಮ್ ಬಂದಾಗ ಎಲ್ಲರೂ ಮಲಗಿದ ಮೇಲೆ ಕೂತು ಕೇಳಿದೆ. ಅರ್ಧ ತಲೆಗೆ ಹತ್ತಲಿಲ್ಲ. ಸಂದರ್ಶನ ಹುಡುಕಿ ಓದಿ, ಮತ್ತೆ ಹಾಕಿದೆ. ಆಗ ಹತ್ತಿತು. ಪೂರ್ತಿ ಕೇಳಿದ ಆ ಹೆಬ್ಬೆರಳಲ್ಲಿ ಒಂದು ನಂದೇ.

ದುರ್ಗದ ಬೇಸ್‌ಲೈನ್:
ತಂಗಿ ಹೇಳಿದ್ದು ಸರಿ ಐತೆ. ಸುದ್ದಿ ಓದದಿದ್ರೆ ಏನಾಗ್ತದೆ ಅನ್ನೋದಕ್ಕೆ ವೆಲ್ವೆಟ್ ಸನ್‌ಡೌನ್ ಸಾಕು. 2025ರ ಜೂನ್‌ನಾಗೆ ಹಾಡು ಕೇಳೋ ಆ್ಯಪ್ ಸ್ಪಾಟಿಫೈ ಒಳಗೆ ಇದ್ದಕ್ಕಿದ್ದಂಗೆ ಹುಟ್ಟಿದ ಬ್ಯಾಂಡು. ಎಪ್ಪತ್ತರ ದಶಕದ ರಾಕ್ ಥರ, ಕಿವಿಗೆ ತಂಪು. ಒಂದು ಶೋ ಮಾಡಿಲ್ಲ, ಎದುರಿಗೆ ಕಂಡೋರಿಲ್ಲ, ಫೋಟೋದಾಗೆ ಎಲ್ಲರ ಚರ್ಮ ಮೇಣ ಹಚ್ಚಿದಂಗೆ. ಕೊನೆಗೆ ಅವರದೇ ಪುಟದಾಗೆ ಎಐ ಕೈವಾಡ ಅಂತ ಒಪ್ಪಿಕೊಂಡ್ರು. ಅದನ್ನ ಬಯಲಿಗೆ ತಂದಿದ್ದು ಕೆದಕಿ ಕೇಳಿದ ಓದುಗರು, ಪತ್ರಕರ್ತರು. ಮುಂದಿನ ತಿಂಗಳೇ ಕಿಂಗ್ ಗಿಜರ್ಡ್ ಬ್ಯಾಂಡ್ ತನ್ನ ಹಾಡೆಲ್ಲ ಸ್ಪಾಟಿಫೈಯಿಂದ ಎತ್ತಿತು, ಸ್ಪಾಟಿಫೈಯ ಆಗಿನ ಮುಖ್ಯಸ್ಥ ಡೇನಿಯಲ್ ಎಕ್ ಯುದ್ಧಕ್ಕೆ ಎಐ ಮಾಡೋ ಕಂಪನಿ ಹೆಲ್ಸಿಂಗ್‌ಗೆ ದುಡ್ಡು ಹಾಕಿದ್ದಕ್ಕೆ. ಇದು ಗೊತ್ತಿಲ್ಲದೆ 'ಹಾಡು ಎಲ್ಲಿ ಹೋಯ್ತು' ಅಂತ ಹುಡುಕ್ತಾ ಕೂತಿರ್ತಿದ್ವಿ.

ಹಳೇಪೇಟೆ ಹೆಡ್‌ಫೋನ್:
ಬೇಸ್‌ಲೈನ್, ಅದೇ ಕಥೆಯ ಇನ್ನರ್ಧ ಹೇಳ್ರಿ. ಸುದ್ದಿ ಶುರುವಾದಾಗ ವೆಲ್ವೆಟ್ ಸನ್‌ಡೌನ್‌ಗೆ ತಿಂಗಳ ಕೇಳುಗರು ಐದು ಲಕ್ಷದ ಆಸುಪಾಸು. 'ಇದು ಮಷೀನು' ಅಂತ ಜಗತ್ತೆಲ್ಲ ಬರೆದ ಮೇಲೆ ಹತ್ತು ಲಕ್ಷ ದಾಟಿತು. ಸುದ್ದಿ ಓದಿ ಕುತೂಹಲಕ್ಕೆ ಒತ್ತಿದೋರೇ ಮಷೀನಿನ ಅಭಿಮಾನಿಗಳಾದ್ರು. ಅದೇ ವಾರ ಜೀವ ಇರೋ ಎಷ್ಟು ಹುಡುಗರ ಹಾಡು ಯಾರೂ ಮುಟ್ಟದೆ ಬಿದ್ದಿತ್ತೋ.

ಎರಡು ಖಾಲಿ ಒಂದು ಬೆಣ್ಣೆ:
ಇದೆಲ್ಲ ಇರಲಿ. ದಾವಣಗೆರೇಲಿ ಟಿಕೆಟ್ ತಗೊಂಡು ಹಾಡು ಕೇಳೋರು ಯಾರಿದ್ದಾರೆ? 'ಪಾಸ್ ಐತಾ' ಅಂತಾರೆ. ಪಾಸ್ ಕೊಟ್ರೆ 'ಊಟ ಐತಾ' ಅಂತಾರೆ.

ಕ್ಯಾಸೆಟ್ ಮಾವ:
ಖಾಲಿ ದೋಸೆಯವರೇ, ಇದು ಕಂಪನಿ ನಾಟಕದ ಊರು ಕಣ್ರಿ. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಇಲ್ಲಿಂದಲೇ ಹೊರಟು ರಾಜ್ಯ ಸುತ್ತಿದ್ದು. ಹಮಾಲರು, ಗಿರಣಿ ಕೆಲಸದೋರು ನಿತ್ಯದ ಕೂಲೀಲಿ ಟಿಕೆಟ್ ದುಡ್ಡು ಎತ್ತಿಟ್ಟು, ನೋಡಿದ ನಾಟಕವನ್ನೇ ಮತ್ತೆ ಹೋಗಿ ನೋಡ್ತಿದ್ರು. ಈ ಊರಿನ ಜನ ದುಡ್ಡು ಬಿಚ್ಚಲ್ಲ ಅಂತ ನನ್ನ ಮುಂದೆ ಹೇಳಬೇಡಿ. ಅವರಿಗೆ ರುಚಿ ಹತ್ತಿಸಬೇಕು, ಅದಕ್ಕೆ ತಿಂಗಳುಗಟ್ಟಲೆ ಕ್ಯಾಂಪ್ ಹಾಕ್ತಿದ್ರು. ನೀವು ಒಂದು ಸಂಜೆ ಶೋ ಮಾಡಿ ಜನ ಬರಲಿಲ್ಲ ಅಂತ ಅಳ್ತೀರಿ.

ಇನ್ನು ಲಿಂಕ್ ವಿಷಯ. 1993ರಲ್ಲಿ ಅಮಿತ್ ಸೈಗಲ್ 'ರಾಕ್ ಸ್ಟ್ರೀಟ್ ಜರ್ನಲ್' ಅನ್ನೋ ಪತ್ರಿಕೆ ಶುರು ಮಾಡಿದ್ದು ಅಲಹಾಬಾದಲ್ಲಿ. ಮುಂಬೈ, ದೆಹಲಿ, ಬೆಂಗಳೂರು ಎಲ್ಲ ಬಿಟ್ಟು ಅಲಹಾಬಾದ್! ಗೆಳೆಯರ ಮನೇಲಿ ಒಂದು ಪ್ರತಿ ಸಿಕ್ಕರೆ ಅಂಚು ಹರಿಯೋವರೆಗೆ ಓದ್ತಿದ್ವಿ. ಸುದ್ದಿ ಹಳಸಿರ್ತಿತ್ತು, ಅದರಿಂದ ಏನೂ ಕೆಡ್ತಿರಲಿಲ್ಲ, ಯಾಕಂದ್ರೆ ಕ್ಯಾಸೆಟ್ ಸಿಗೋಕೆ ಇನ್ನೂ ತಡ ಆಗ್ತಿತ್ತು. ಅವರು ಬರೀ ಬರೆದು ಕೂರಲಿಲ್ಲ, ಗ್ರೇಟ್ ಇಂಡಿಯನ್ ರಾಕ್ ಅಂತ ಉತ್ಸವ ಮಾಡಿ ನಮ್ಮ ದೇಶದ ಬ್ಯಾಂಡುಗಳನ್ನ ವೇದಿಕೆ ಹತ್ತಿಸಿದ್ರು. ಶೆಫೀಲ್ಡ್‌ನ ಆರ್ಕ್ಟಿಕ್ ಮಂಕೀಸ್ ಬ್ಯಾಂಡಿನ ಕಥೆ ನಿಮಗೆಲ್ಲ ಗೊತ್ತು. ಶೋನಲ್ಲಿ ಬಿಟ್ಟಿ ಹಂಚಿದ ಸಿಡಿಗಳನ್ನ ಅಭಿಮಾನಿಗಳೇ ಕಾಪಿ ಮಾಡಿ ಅಂತರ್ಜಾಲಕ್ಕೆ ಹಾಕಿ ಹಬ್ಬಿಸಿದ್ರು. 2006ರ ಜನವರಿಯಲ್ಲಿ ಮೊದಲ ಆಲ್ಬಮ್ ಬಂದಾಗ ಒಂದೇ ವಾರಕ್ಕೆ ಬ್ರಿಟನ್ನಿನಲ್ಲಿ 3.6 ಲಕ್ಷಕ್ಕೂ ಹೆಚ್ಚು ಪ್ರತಿ ಹೋದ್ವು. ಆ ಹುಡುಗರು ಸುದ್ದಿ ಹಂಚಲಿಲ್ಲ, ಹಾಡು ಹಂಚಿದ್ರು.

ಈಗ ನೀವು ಓದೋದು ಏನು? ಪಿಚ್‌ಫೋರ್ಕ್ ಅನ್ನೋ ವಿಮರ್ಶೆಯ ತಾಣವನ್ನೇ 2024ರ ಜನವರಿಯಲ್ಲಿ ಮಾಲೀಕರು ಜಿಕ್ಯೂ ಅನ್ನೋ ಗಂಡಸರ ಪತ್ರಿಕೆಯೊಳಗೆ ಸೇರಿಸಿ, ಹಲವು ಹಳೇ ಬರಹಗಾರರನ್ನ ಮನೆಗೆ ಕಳಿಸಿದ್ರು. ಕೂತು ಕೇಳಿ ಬರೆಯೋ ಸಂಬಳದ ಜನ ಕಡಿಮೆ ಆದಷ್ಟೂ ಬ್ಯಾಂಡಿನ ಪ್ರಚಾರದೋರು ಬರೆದುಕೊಟ್ಟಿದ್ದೇ ಸುದ್ದಿ ಆಗ್ತದೆ.

ಎಂಸಿಸಿ ಬಿ ಬ್ಲಾಕ್ ಹುಡುಗಿ:
ಮಾವ, ನಿಮ್ಮ ಕಾಲದಲ್ಲಿ ಹಾಡು ಸಿಗೋದು ಕಷ್ಟ ಇತ್ತು, ಸಿಕ್ಕಿದ್ದನ್ನ ಕೇಳಿದ್ರಿ. ಈಗ ಹಾಡು ಬೇಕಾದಷ್ಟಿದೆ, ಯಾವುದನ್ನ ಕೇಳಬೇಕು ಅನ್ನೋದೇ ಕಷ್ಟ. ಅದಕ್ಕೆ ಯಾರಾದ್ರೂ ಆರಿಸಿ ಹೇಳಬೇಕು. ಆಲ್ಗರಿದಮ್ ಆರಿಸಿದ್ದು ವೆಲ್ವೆಟ್ ಸನ್‌ಡೌನ್, ನೋಡಿದ್ರಲ್ಲ.

ದುರ್ಗದ ಬೇಸ್‌ಲೈನ್:
ಕರೆಸೋದೇ ಆದ್ರೆ ಕನ್ನಡದಾಗೆ ಹಾಡೋರನ್ನ ಕರೆಸ್ರಿ. ನಮ್ಮ ಮಂದಿಗೆ ಗಿಟಾರ್ ಹೊಸದಲ್ಲ. ರಘು ದೀಕ್ಷಿತ್ 2008ರ ಮೊದಲ ಆಲ್ಬಮಿನಾಗೇ ಷರೀಫರನ್ನ ಹಾಡಿದ್ರು. ಷರೀಫರ ಶಿಶುನಾಳ ಇರೋದು ಹಾವೇರಿ ಜಿಲ್ಲೆ, ದಾವಣಗೆರೆಗೆ ಬೆಂಗಳೂರಿಗಿಂತ ಭಾಳ ಹತ್ರ. ಹಾಡು ಇಲ್ಲಿಂದ ಹೋಗಿ, ರಾಕ್ ಆಗಿ, ಲಂಡನ್ ಸುತ್ತಿ ಬಂದರೂ ನಾವಿನ್ನೂ ಲಿಂಕ್ ಒತ್ತುತಾ ಕೂತೀವಿ. ಸ್ವರಾತ್ಮ ಬ್ಯಾಂಡಿನ ವಾಸು ದೀಕ್ಷಿತ್ ಮೈಸೂರಿನೋರು, ಅವರ 2009ರ ಆಲ್ಬಮಿನಾಗೂ ಹಿಂದಿ ಜೊತೆಗೆ ಕನ್ನಡ ಐತೆ. ಕೇರಳದಾಗೆ ಅವಿಯಲ್ ಬ್ಯಾಂಡಿನೋರು 2008ರಾಗೇ ಪೂರ್ತಿ ಮಲಯಾಳಂ ರಾಕ್ ಆಲ್ಬಮ್ ತಂದ್ರು, ಅಲ್ಲಿನ ಕಾಲೇಜು ಹುಡುಗರು ಎತ್ಕೊಂಡು ಕುಣಿದ್ರು.

ಎಂಸಿಸಿ ಬಿ ಬ್ಲಾಕ್ ಹುಡುಗಿ:
ಕನ್ನಡ ಬೇಕು, ಸರಿ. ಕನ್ನಡ ಒಂದೇ ಸಾಕಾ? ಜಾನಪದಕ್ಕೆ ಡ್ರಮ್ ಸೇರಿಸಿದ್ರೆ ರಾಕ್ ಆಯ್ತು ಅಂತ ಎಷ್ಟು ವರ್ಷ ನಡೆಸ್ತೀರಿ? ನನಗೆ ಹಾಸ್ಟೆಲ್ ಊಟ, ಬ್ಯಾಕ್‌ಲಾಗ್, ಹೈವೇ ಮೇಲಿನ ರಾತ್ರಿ ಬಸ್ಸು, ಇವುಗಳ ಮೇಲೆ ಕನ್ನಡದಲ್ಲಿ ಹಾಡು ಬೇಕು. ಅದನ್ನ ಬರೆಯೋರು ಸಿಕ್ಕರೆ ಐನೂರು ಏನು, ಸಾವಿರ ಹಾಕ್ತೀನಿ. ಕಂತಲ್ಲಿ.

ಹಳೇಪೇಟೆ ಹೆಡ್‌ಫೋನ್:
ದುಡ್ಡಿನ ಮಾತು ಬಂತಲ್ಲ, ಇದನ್ನೂ ನೋಡಿ. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1000 ಸಲ ಓಡದಿದ್ರೆ ಅದಕ್ಕೆ ರಾಯಲ್ಟಿಯೇ ಇಲ್ಲ. ಈಗಷ್ಟೇ ಶುರು ಮಾಡಿದ ಹುಡುಗರು ಸಿಕ್ಕಿಹಾಕಿಕೊಳ್ಳೋದು ಅಲ್ಲೇ. ಬ್ಯಾಂಡ್‌ಕ್ಯಾಂಪ್ ಅನ್ನೋ ಹಾಡು ಮಾರೋ ತಾಣದಲ್ಲಿ ಡಿಜಿಟಲ್ ಆಲ್ಬಮ್ ಕೊಂಡ್ರೆ ತಾಣದವರು ಇಟ್ಕೊಳ್ಳೋದು ನೂರಕ್ಕೆ 15, ಪಾವತಿ ಶುಲ್ಕ ಕಳೆದು ಉಳಿದಿದ್ದು ಬ್ಯಾಂಡಿಗೆ. ನಾವು ಸುದ್ದಿ ಓದಿದ್ದರಿಂದ ಅವರಿಗೆ ಬರೋದು ಸೊನ್ನೆ.

ಎರಡು ಖಾಲಿ ಒಂದು ಬೆಣ್ಣೆ:
ಹಂಗಾದ್ರೆ ಆಲ್ಬಮ್ ಕೊಂಡು ಮನೇಲಿ ಕೇಳಿ ಸುಮ್ನಿರ್ರಿ. ಹಾಲ್ ಬಾಡಿಗೆ ಉಳೀತು.

ಸೌಂಡ್ ಸರ್ವಿಸ್ ಹರಿಹರ:
ಇಷ್ಟೊತ್ತು ಓದ್ತಿದ್ದೆ. ನಾನು ಹಾಡಿನ ಪಂಡಿತ ಅಲ್ಲ, ಪೆಟ್ಟಿಗೆ ಹೊರೋನು. ಒಂದು ಮಾತು ಯಾರೂ ಕೇಳಲಿಲ್ಲ: ಶಬ್ದ ಯಾರು ನೋಡ್ಕೋತಾರೆ?

ಗಣಪತಿ ಮೆರವಣಿಗೆಗೆ ಬೇಸ್ ಬಾಕ್ಸು, ಒಂದು ಲ್ಯಾಪ್‌ಟಾಪ್ ಇದ್ರೆ ಆಯ್ತು. ಆರ್ಕೆಸ್ಟ್ರಾದೋರ ಕೀಬೋರ್ಡು, ರಿದಮ್ ಪ್ಯಾಡು ನೇರ ಮಿಕ್ಸರ್‌ಗೆ ಬರ್ತಾವೆ. ನೀವು ಹೇಳೋ ಬ್ಯಾಂಡಿಗೆ ನಿಜವಾದ ಡ್ರಮ್ ಸೆಟ್ ಬೇಕು. ಕಿಕ್‌ಗೊಂದು ಮೈಕು, ಸ್ನೇರ್‌ಗೊಂದು, ಟಾಮ್‌ಗಳಿಗೆ ಒಂದೊಂದು, ಸಿಂಬಲ್ ಮೇಲೆ ಎರಡು. ಡ್ರಮ್ ಒಂದೇ ಏಳೆಂಟು ಚಾನೆಲ್ ತಿಂತದೆ. ಗಿಟಾರ್ ಆಂಪ್ ಮುಂದೆ ಮೈಕು, ಬೇಸ್‌ಗೆ ನೇರ ಮಿಕ್ಸರ್‌ಗೆ ಜೋಡಿಸೋ ಡಿಐ ಬಾಕ್ಸು. ಹಾಡೋನ ಕಾಲ ಹತ್ರ ಮಾನಿಟರ್ ಅನ್ನೋ ಸ್ಪೀಕರ್ ಇಡಬೇಕು, ಇಲ್ಲಾಂದ್ರೆ ಡ್ರಮ್ ಸದ್ದಿನೊಳಗೆ ಅವನ ದನಿ ಅವನಿಗೇ ಕೇಳಲ್ಲ, ಅರಚಿ ಅರಚಿ ಎರಡನೇ ಹಾಡಿಗೇ ಗಂಟಲು ಕೆಡಿಸ್ಕೋತಾನೆ. ಊರ ಕಡೆ ಕಾರ್ಯಕ್ರಮ ಹಾಳಾಗೋದು ಇಲ್ಲೇ. ಎದುರಿಗಿರೋ ಜನರಿಗೆ ದೊಡ್ಡ ಬಾಕ್ಸ್ ಇಡ್ತಾರೆ, ಹಾಡೋನಿಗೆ ಸಣ್ಣದೊಂದು ಇಡಕ್ಕೆ ಹಿಂದೆಮುಂದೆ ನೋಡ್ತಾರೆ.

ಕಲ್ಯಾಣ ಮಂಟಪ ಅಗ್ಗ ಅಂತ ಹೋಗಬೇಡಿ. ನೆಲಕ್ಕೆ ಗ್ರಾನೈಟು, ಗೋಡೆಗೆ ಟೈಲ್ಸು. ಸ್ನೇರ್ ಒಂದು ಪೆಟ್ಟು ಬಿದ್ರೆ ಹಿಂದಿನ ಗೋಡೆಗೆ ತಾಗಿ ವಾಪಸ್ ಬಂದು ಮುಂದಿನ ಪೆಟ್ಟಿನ ಮೇಲೆ ಕೂರ್ತದೆ, ಸಾಹಿತ್ಯ ಒಂದಕ್ಷರ ತಿಳಿಯಲ್ಲ. ಜನ ತುಂಬಿದ್ರೆ ಸ್ವಲ್ಪ ಹೀರ್ತದೆ, ಖಾಲಿ ಕುರ್ಚಿ ಇದ್ರೆ ದೇವರೇ ಗತಿ. ಪರದೆ ಇರೋ, ಬಟ್ಟೆ ಕುರ್ಚಿ ಇರೋ ಚಿಕ್ಕ ಸಭಾಂಗಣ ನೋಡ್ರಿ. ಬಯಲಲ್ಲಿ ಮಾಡಿದ್ರೆ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್, ಅದು ಕಾನೂನು. ಬೆಂಗಳೂರಿನಿಂದ ಬರೋರು ಮಧ್ಯಾಹ್ನವೇ ಇಲ್ಲಿರಬೇಕು, ಸೌಂಡ್‌ಚೆಕ್‌ಗೆ ಎರಡು ತಾಸು ಹಿಡೀತದೆ.

ಕ್ಯಾಸೆಟ್ ಮಾವ:
ಇಷ್ಟು ದಿನ ಎಲ್ಲಿದ್ರಿ ಮಾರಾಯ್ರೇ! ಹಾಡಿನ ಬಗ್ಗೆ ಬರೆಯೋರು ಸಾವಿರ ಜನ ಸಿಗ್ತಾರೆ, ಮಾನಿಟರ್ ಬಗ್ಗೆ ಹೇಳೋರು ಇಲ್ಲಿ ನೀವೇ ಮೊದಲು.

ದುರ್ಗದ ಬೇಸ್‌ಲೈನ್:
ಹರಿಹರ ಅಣ್ಣ, ದುರ್ಗಕ್ಕೂ ಬರ್ತೀರಾ? 1997ರ ತನಕ ನಾವೆಲ್ಲ ಒಂದೇ ಜಿಲ್ಲೆ. ಶನಿವಾರ ದಾವಣಗೆರೆ, ಭಾನುವಾರ ದುರ್ಗ ಅಂತ ಎರಡು ಶೋ ಇಟ್ರೆ ಬ್ಯಾಂಡಿನೋರ ಓಡಾಟದ ಖರ್ಚು ಎರಡೂ ಊರಿಗೆ ಹಂಚಿಹೋಗ್ತದೆ.

ಹಳೇಪೇಟೆ ಹೆಡ್‌ಫೋನ್:
ಎರಡು ಶೋ, ಒಪ್ಪಿಗೆ. ಮುನ್ನೂರು ರೂಪಾಯಿ ಟಿಕೆಟ್, ವಿದ್ಯಾರ್ಥಿಗಳಿಗೆ ನೂರು, ಪಾಸ್ ಯಾರಿಗೂ ಇಲ್ಲ. ಬ್ಯಾಂಡಿನ ಹೆಸರು ಸೂಚಿಸೋರು ಅವರ ಹಾಡುಗಳಲ್ಲಿ ಯಾವುದನ್ನ ಮತ್ತೆ ಮತ್ತೆ ಕೇಳಿದ್ರಿ, ಯಾಕೆ ಅಂತ ಎರಡು ಸಾಲು ಬರೀರಿ. ಲಿಂಕ್ ಬಂದ್ ಅನ್ನೋದನ್ನೂ ಬಿಡಲ್ಲ. ಹಾಡಿನ ಲಿಂಕ್ ಹಾಕಿ, ಸುದ್ದಿ ಲಿಂಕಿಗೆ ಬೇರೆ ಗುಂಪು ಮಾಡ್ಕೊಳ್ರಿ.

ಎಂಸಿಸಿ ಬಿ ಬ್ಲಾಕ್ ಹುಡುಗಿ:
ಮಾಡಿಯಾಯ್ತು. ಹೆಸರು 'ಸುದ್ದಿಗೇಡಿಗಳು'. ಬೇಸ್‌ಲೈನ್ ಅಣ್ಣನ್ನ ಅಡ್ಮಿನ್ ಮಾಡಿದ್ದೀನಿ, ಕೇಳದೇನೇ.

ಸೌಂಡ್ ಸರ್ವಿಸ್ ಹರಿಹರ:
ಬ್ಯಾಂಡ್ ಪಕ್ಕಾ ಆದ ಮೇಲೆ ಅವರಿಗೆ ಏನೇನು ಸಾಮಾನು ಬೇಕು ಅನ್ನೋ ಪಟ್ಟಿ ಮೊದಲು ನನಗೆ ಕಳಿಸ್ರಿ, ರೇಟ್ ಆಮೇಲೆ ಮಾತಾಡೋಣ. ಮದುವೆ ಸೀಸನ್ನಿನಲ್ಲಿ ಡೇಟ್ ಇಡಬೇಡಿ, ಒಂದು ಬಾಕ್ಸೂ ಸಿಗಲ್ಲ.